ಯಾರೂ ದುಂದು ಮಾಡುತ್ತಿಲ್ಲ, ಆದರೂ ತಿಂಗಳ ಕೊನೆಗೆ ಕೈ ಖಾಲಿ. ಎಲ್ಲಿ ಸೋರುತ್ತಿದೆ?

ತೂತುಜೇಬು
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ ಇದ್ದೇವೆ. ನಾನು, ಹೆಂಡತಿ, ಅಮ್ಮ, ಮಗಳು, ಮಗ. ಇಬ್ಬರು ದುಡಿಯುತ್ತೇವೆ. ಕುಡಿತ, ಜೂಜು, ಶೋಕಿ ಯಾವುದೂ ಇಲ್ಲ. ಆದರೂ ಇಪ್ಪತ್ತನೇ ತಾರೀಕು ದಾಟುವಷ್ಟರಲ್ಲಿ ಖಾತೆ ಬರಿದಾಗಿರುತ್ತದೆ. ಎರಡು ವರ್ಷದ ಹಿಂದೆ ಇದೇ ಮನೆ, ಇದೇ ಜನ, ಇದಕ್ಕಿಂತ ಕಡಿಮೆ ಸಂಬಳ. ಆಗ ಸ್ವಲ್ಪ ಉಳಿಯುತ್ತಿತ್ತು. ಬೆಲೆ ಏರಿದೆ, ಒಪ್ಪುತ್ತೇನೆ. ಆದರೆ ಅದೊಂದೇ ಕಾರಣ ಅಂತ ನನಗೆ ಅನಿಸುತ್ತಿಲ್ಲ.

ಸದ್ಯಕ್ಕೆ ನಾನು ಮಾಡುತ್ತಿರುವುದು ಒಂದೇ ಕೆಲಸ. ರೂಮಿಂದ ರೂಮಿಗೆ ಓಡಾಡಿ ಲೈಟ್ ಆರಿಸುವುದು. ಮಗಳ ಜೊತೆ ಇದೇ ವಿಷಯಕ್ಕೆ ದಿನಾ ಜಗಳ. ಮೊನ್ನೆ ಅವಳು "ಕತ್ತಲಲ್ಲಿ ಕೂತು ಓದಲಾ?" ಅಂತ ಕೇಳಿ ಬಾಗಿಲು ಹಾಕಿಕೊಂಡಳು.

ಮನೆ ಖರ್ಚು ನಿಜವಾಗಿ ಇಳಿಸಿದವರು ಇದ್ದರೆ, ಮೊದಲು ಎಲ್ಲಿಗೆ ಕೈ ಹಾಕಿದಿರಿ ಅಂತ ಹೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಾತ್ರ ಹೇಳಬೇಡಿ. ಅಮ್ಮ ದಿನಕ್ಕೆ ಎರಡು ಸಲ ಹೇಳುತ್ತಾರೆ.

ಸುಮ್ನೆಓದುಗ
ನಮ್ಮನೆ ಕಥೆಯನ್ನೇ ಬರೆದಿದ್ದೀರಿ. ಉತ್ತರ ನನ್ನ ಹತ್ತಿರ ಇಲ್ಲ. ಇಲ್ಲೇ ಮೂಲೆಯಲ್ಲಿ ಕೂತಿರುತ್ತೇನೆ.

ಲೆಕ್ಕದಪುಸ್ತಕ
ಕಡಿತ ಮಾಡುವ ಮುಂಚೆ ಬರೆಯಿರಿ. ಒಂದು ತಿಂಗಳು ಏನನ್ನೂ ಬದಲಾಯಿಸಬೇಡಿ, ಹೋದದ್ದನ್ನೆಲ್ಲ ಸುಮ್ನೆ ಬರೆದಿಡಿ. ಆ್ಯಪ್ ಬೇಡ, ಪೆನ್ನಿನಲ್ಲಿ ಬರೆಯಿರಿ. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲೇ ಮನೆಮಂದಿಗಾಗಿ ಖರ್ಚಿನ ಪುಸ್ತಕ ಅಚ್ಚು ಹಾಕಿಸಿದರು. ಅದನ್ನು ಕಕೇಬೊ ಅನ್ನುತ್ತಾರೆ. ನೂರು ವರ್ಷ ದಾಟಿದರೂ ಜನ ಇನ್ನೂ ಅದನ್ನು ಕೈಯಲ್ಲೇ ತುಂಬುತ್ತಾರೆ. ಆ್ಯಪ್ ತಾನಾಗಿಯೇ ಎಲ್ಲವನ್ನೂ ಗುಡ್ಡೆ ಹಾಕಿ ಬಣ್ಣದ ಚಕ್ರ ತೋರಿಸುತ್ತದೆ. ನಾವು ಚಂದ ಇದೆ ಅಂತ ನೋಡಿ ಮುಚ್ಚುತ್ತೇವೆ. ಕೈಯಲ್ಲಿ ಬರೆಯುವಾಗ ಒಂದೇ ಹೆಸರನ್ನು ವಾರದಲ್ಲಿ ನಾಲ್ಕನೇ ಸಲ ಬರೆಯಬೇಕಾದರೆ ನಾಚಿಕೆ ಆಗುತ್ತದೆ. ಆ ನಾಚಿಕೆಯೇ ಬೇಕಾಗಿರುವುದು.

ಇನ್ನೊಂದು ಮಾತು. ಒಂದು ತಿಂಗಳ ಲೆಕ್ಕ ಅರ್ಧ ಸುಳ್ಳು ಹೇಳುತ್ತದೆ. ವರ್ಷಕ್ಕೊಮ್ಮೆ ಬರುವ ಖರ್ಚು ಅದರಲ್ಲಿ ಕಾಣುವುದೇ ಇಲ್ಲ. ವಿಮೆ, ಫೀಸು, ರಿಪೇರಿ, ತಾನಾಗಿಯೇ ನವೀಕರಣ ಆಗುವ ಚಂದಾಗಳು. ಬ್ಯಾಂಕಿನಿಂದ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಅಂಥವನ್ನೆಲ್ಲ ಕೂಡಿ 12ರಿಂದ ಭಾಗಿಸಿ. ಬರುವ ಮೊತ್ತವೂ ನಿಮ್ಮ ತಿಂಗಳ ಖರ್ಚೇ. ನೀವು ಮಾತ್ರ ಅದನ್ನು ಪ್ರತಿ ಸಲ "ಈ ತಿಂಗಳು ಅನಿರೀಕ್ಷಿತ" ಅನ್ನುತ್ತಿರುತ್ತೀರಿ.

ನೇರಮಾತು
ಇದೆಲ್ಲ ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಖರ್ಚು ಇಳಿಸಲು ಒಂದು ಮಿತಿ ಇದೆ, ಸೊನ್ನೆಗಿಂತ ಕೆಳಗೆ ಹೋಗಲ್ಲ. ಆದಾಯಕ್ಕೆ ಮೇಲ್ಮಿತಿ ಇಲ್ಲ. ಆ ಸಮಯದಲ್ಲಿ ಹೊಸ ಕೆಲಸ ಕಲಿಯಿರಿ.

ಅಟ್ಟದಮೇಲೆ
ನೇರಮಾತು ಅವರೇ, ಕಲಿಯೋಣ. ಆದರೆ ಅದರ ಫಲ ಬರುವಷ್ಟರಲ್ಲಿ ಎಷ್ಟು ಇಪ್ಪತ್ತನೇ ತಾರೀಕು ಬರುತ್ತವೆ? ಮತ್ತೆ ಅವರೇ ಹೇಳಿದ್ದಾರಲ್ಲ, ಸಂಬಳ ಜಾಸ್ತಿ ಆಗಿದೆ, ಉಳಿಯುವುದು ನಿಂತಿದೆ ಅಂತ. ತೂತು ಮಡಕೆಗೆ ದೊಡ್ಡ ಕೊಡದಲ್ಲಿ ಹೊಯ್ದರೂ ಅಷ್ಟೇ ಅಲ್ವಾ?

ವೈರ್‌ಮನ್
ಮಗಳ ಪರವಾಗಿ ವಾದ ಮಾಡಲು ಬಂದಿದ್ದೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನನ್ನದು.

ಒಂದು ಯೂನಿಟ್ ಅಂದರೆ 1000 ವ್ಯಾಟ್‌ನ ವಸ್ತು ಒಂದು ಗಂಟೆ ಓಡಿದ್ದು. ಹಳೇ 60 ವ್ಯಾಟ್ ಬಲ್ಬ್ ಕೊಡುತ್ತಿದ್ದ ಬೆಳಕನ್ನು ಈಗ ಸುಮಾರು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ಅಂದರೆ ಒಂದು ಯೂನಿಟ್‌ನಲ್ಲಿ ಆ ಎಲ್‌ಇಡಿ 111 ಗಂಟೆ ಉರಿಯುತ್ತದೆ. ಅದೇ ಒಂದು ಯೂನಿಟ್ 2000 ವ್ಯಾಟ್‌ನ ಗೀಸರ್‌ಗೆ ಅರ್ಧ ಗಂಟೆಗೆ ಮುಗಿಯುತ್ತದೆ. ನಿಮ್ಮ ಮಗಳು ದಿನಕ್ಕೆ ನಾಲ್ಕು ಗಂಟೆ ಲೈಟ್ ಮರೆತರೂ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ನೀವು ಗೀಸರ್ ಹಾಕಿ, ಫೋನ್ ನೋಡುತ್ತಾ ಸ್ನಾನಕ್ಕೆ ತಡ ಮಾಡಿದರೆ ಅದು ಒಂದೇ ಬೆಳಿಗ್ಗೆಗೆ ಹೋಯಿತು.

ಬಿಸಿ ಮಾಡುವುದು, ತಣ್ಣಗೆ ಮಾಡುವುದು, ಇವೆರಡೇ ಬಿಲ್ ತಿನ್ನುವುದು. ಉಳಿದದ್ದೆಲ್ಲ ಮರಿಮೀನು. 20 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಇದು ಭೌತಶಾಸ್ತ್ರ, ಯಾವ ಕಂಪನಿಯ ಕಾಯಿಲ್ ಹೀಟರ್ ತಂದರೂ ಅಷ್ಟು ಕೊಡಲೇಬೇಕು. ಬಟ್ಟೆ ಒಗೆಯುವ ಮೆಷಿನ್‌ನಲ್ಲೂ ಬಿಸಿನೀರು ಇಟ್ಟರೆ ಹೆಚ್ಚಿನ ಕರೆಂಟು ನೀರು ಕಾಯಿಸಲಿಕ್ಕೇ ಹೋಗುತ್ತದೆ, ತಿರುಗಿಸಲಿಕ್ಕೆ ಅಲ್ಲ. ದಿನನಿತ್ಯದ ಬಟ್ಟೆಗೆ ತಣ್ಣೀರು ಸಾಕು.

ಇನ್ನು ಫ್ಯಾನ್. ಅದು ರೂಮನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ. ಯಾರೂ ಇಲ್ಲದ ರೂಮಿನಲ್ಲಿ ಫ್ಯಾನ್ ತಿರುಗಿದರೆ ತಂಪಾಗುವುದಕ್ಕೆ ಅಲ್ಲಿ ಯಾರೂ ಇಲ್ಲ. ಜಗಳ ಮಾಡಲೇಬೇಕು ಅಂದರೆ ಅದಕ್ಕೆ ಮಾಡಿ.

ಸುಮ್ನೆಓದುಗ
ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ಕರೆಂಟು ಹೋಗುತ್ತದೆ ಅಂತ ನಮ್ಮ ಮಾವ ದಿನಾ ಹೇಳುತ್ತಾರೆ. ಹೌದಾ?

ವೈರ್‌ಮನ್
ಹೋಗುತ್ತದೆ, ಆದರೆ ಈಗಿನ ಒಳ್ಳೆ ಚಾರ್ಜರ್ ಸುಮ್ನೆ ಇದ್ದಾಗ ಅರ್ಧ ವ್ಯಾಟ್ ಕೂಡ ತಿನ್ನಲ್ಲ. ತಿಂಗಳಿಗೆ ಒಂದು ಯೂನಿಟ್‌ನ ಮೂರನೇ ಒಂದು ಪಾಲೂ ದಾಟುವುದು ಕಷ್ಟ. ಮಾವನವರಿಗೆ ಟಿವಿ ಪಕ್ಕದ ಪೆಟ್ಟಿಗೆ ತೋರಿಸಿ. ಅಂಥದ್ದು ರಿಮೋಟ್‌ನಲ್ಲಿ ಆರಿಸಿದ ಮೇಲೂ 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7.2 ಯೂನಿಟ್. ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಆದರೆ ಮಾವನವರ ಹತ್ತಿರ ಗೆಲ್ಲಲು ಹೋಗಬೇಡಿ.

ಹಳೇಟ್ರಂಕು
ತೂತುಜೇಬು ಅವರೇ, ಎರಡು ವರ್ಷದಲ್ಲಿ ಮನೆಗೆ ಹೊಸದಾಗಿ ಏನು ಬಂತು ಅಂತ ಪಟ್ಟಿ ಮಾಡಿ ನೋಡಿ. ನಮ್ಮ ಮನೆ ಹಾಳಾಗಿದ್ದು ಒಂದು ಪರದೆಯಿಂದ.

ಹಾಲ್‌ನ ಪರದೆ ಹರಿದಿತ್ತು, ಹೊಸದು ತಂದೆವು. ತಿಳಿಹಸಿರು, ಚೆನ್ನಾಗಿತ್ತು. ಹಾಕಿದ ದಿನವೇ ಸೋಫಾ ಮಾಸಿದ ಹಾಗೆ ಕಾಣಿಸಿತು. ಹಿಂದಿನ ದಿನದವರೆಗೂ ಅದು ಮಾಸಿರಲಿಲ್ಲ! ಕವರ್ ಬದಲಾಯಿಸಿದೆವು. ಆಮೇಲೆ ಗೋಡೆ ಹಳದಿ ಅನಿಸಿತು. ಬಣ್ಣ ಹೊಡೆಸುವಾಗ ಸ್ವಿಚ್ ಬೋರ್ಡುಗಳು ಹಳೇ ಕಾಲದವು ಅಂತ ಬಣ್ಣದವನು ಹೇಳಿದ. ಅವನು ಹೇಳಿದ ಅಂತ ನಾವು ಕೇಳಿದೆವು.

ಫ್ರಾನ್ಸಿನ ತತ್ವಜ್ಞಾನಿ ಡಿಡೆರೊ ಇದನ್ನೇ 1769ರಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ಮನೆಯಲ್ಲಿ ತೊಡುವ ಹೊಸ ನಿಲುವಂಗಿ ಬಂತು. ಅದರ ಮುಂದೆ ಕುರ್ಚಿ, ಮೇಜು ಎಲ್ಲ ಕಳೆಗುಂದಿ ಕಾಣಿಸಿ ಒಂದೊಂದೇ ಬದಲಾಯಿಸಿ ಕೈ ಸುಟ್ಟುಕೊಂಡ. ಇದಕ್ಕೆ ಡಿಡೆರೊ ಪರಿಣಾಮ ಅಂತಲೇ ಹೆಸರು. ಈಗ ನಮ್ಮನೆಯಲ್ಲಿ ಹೊಸ ವಸ್ತು ಬೇಕು ಅಂದರೆ ನಾನು ಕೇಳುವ ಪ್ರಶ್ನೆ ಒಂದೇ. ಇದು ಬಂದ ಮೇಲೆ ಪಕ್ಕದ್ದು ಯಾವುದು ಹಳತಾಗುತ್ತದೆ?

ಒಂಟಿಚಪ್ಪಲಿ
ಉಳಿಸಬಾರದ ಕಡೆ ಉಳಿಸಿದ ನನ್ನ ಕಥೆ ಕೇಳಿ. ಹಲ್ಲಿನಲ್ಲಿ ಸಣ್ಣ ತೂತು. ತುಂಬಿಸಿದರೆ ಆಯಿತು ಅಂದಿದ್ದರು. ಈ ತಿಂಗಳು ಬೇಡ, ಮುಂದಿನ ತಿಂಗಳು ಅಂತ ಎಂಟು ತಿಂಗಳು ತಳ್ಳಿದೆ. ಕೊನೆಗೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್, ನಾಲ್ಕು ದಿನ ಕೆಲಸಕ್ಕೆ ರಜೆ. ಆ ಎಂಟು ತಿಂಗಳು "ಉಳಿಸಿದ್ದು" ಒಂದೇ ವಾರದಲ್ಲಿ ಬಡ್ಡಿ ಸಮೇತ ಹೋಯಿತು. ಹಲ್ಲು, ಕಣ್ಣು, ಗಾಡಿಯ ಬ್ರೇಕು, ಸೋರುವ ಪೈಪು, ಇವು ಪಟ್ಟಿಯಲ್ಲಿ ಕಡಿತಕ್ಕೆ ಬರಲೇಬಾರದು.

ಸಾಲಗಾರ_ಮಾಜಿ
ಕಾರ್ಡ್ ಬಾಕಿ ಇದೆಯಾ? ಇದ್ದರೆ ಉಳಿದ ಚರ್ಚೆಯನ್ನೆಲ್ಲ ಪಕ್ಕಕ್ಕಿಡಿ. ತಿಂಗಳಿಗೆ ಶೇಕಡಾ 3 ಬಡ್ಡಿ ಅಂದರೆ ವರ್ಷಕ್ಕೆ 36 ಅಂತ ನಾನೂ ಅಂದುಕೊಂಡಿದ್ದೆ. ಬಡ್ಡಿಗೆ ಬಡ್ಡಿ ಸೇರಿದರೆ 42 ದಾಟುತ್ತದೆ. ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಮನೆಯಲ್ಲಿ ಸೋಪು ಉಳಿಸುತ್ತಿದ್ದೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಅದಕ್ಕೇ. ಎಲ್ಲಕ್ಕಿಂತ ಜಾಸ್ತಿ ಬಡ್ಡಿಯ ಸಾಲ ಮೊದಲು ತೀರಿಸಿದೆ, ಉಳಿದವಕ್ಕೆ ಕನಿಷ್ಠ ಮಾತ್ರ ಕಟ್ಟಿದೆ. ಎರಡೂವರೆ ವರ್ಷ ಹಿಡಿಯಿತು.

ಮೂವರಮ್ಮ
ಇಲ್ಲಿಯವರೆಗೆ ಯಾರೂ ಹೇಳದ ವಿಷಯ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮನೆಯಲ್ಲೂ ಹೋದ ವರ್ಷ "ಖರ್ಚು ಇಳಿಸೋಣ" ಅಂತ ತೀರ್ಮಾನ ಆಯಿತು. ಹೊರಗಿನ ಊಟ ನಿಲ್ಲಿಸಿದೆವು. ಇಸ್ತ್ರಿಗೆ ಕೊಡುವುದು ನಿಲ್ಲಿಸಿದೆವು. ಮನೆಗೆಲಸಕ್ಕೆ ಬರುತ್ತಿದ್ದವರನ್ನು ಬಿಡಿಸಿದೆವು. ಮಕ್ಕಳ ಟ್ಯೂಷನ್ ಬೇಡ, ಮನೆಯಲ್ಲೇ ಹೇಳಿಕೊಟ್ಟರಾಯಿತು ಅಂದೆವು. ಮೂರು ತಿಂಗಳಾದ ಮೇಲೆ ನಮ್ಮ ಮನೆಯವರು ಲೆಕ್ಕ ತೋರಿಸಿ ಖುಷಿಯಾಗಿ "ನೋಡು, ಎಷ್ಟು ಉಳಿಯಿತು" ಅಂದರು. ನಾನು ಆಗ ಇಸ್ತ್ರಿ ಮಾಡುತ್ತಿದ್ದೆ. ರಾತ್ರಿ ಹನ್ನೊಂದು ಗಂಟೆ.

ಉಳಿದದ್ದು ನಿಜ. ಆದರೆ ಅಡುಗೆ, ಇಸ್ತ್ರಿ, ನೆಲ ಒರೆಸುವುದು, ಪಾಠ, ನಾಲ್ಕೂ ನನ್ನ ತಲೆಗೇ ಬಂದಿದ್ದವು. ಅವರು ಕೆಟ್ಟವರಲ್ಲ, ಅವರಿಗೆ ಕಾಣಿಸಿರಲಿಲ್ಲ ಅಷ್ಟೇ. ಆ ರಾತ್ರಿ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆದೆ. "ಯಾರ ಸಮಯ, ಎಷ್ಟು ಗಂಟೆ" ಅಂತ. ಎರಡು ವಾರ ತುಂಬಿದ ಮೇಲೆ ಯಾರಿಗೂ ಏನೂ ಹೇಳಬೇಕಾಗಿ ಬರಲಿಲ್ಲ. ಮನೆಗೆಲಸದವರನ್ನು ಮತ್ತೆ ಕರೆದೆವು. ಇಸ್ತ್ರಿ ಅವರವರದ್ದು ಅವರವರೇ. ದೊಡ್ಡವನು ಈಗ ಇಸ್ತ್ರಿ ಇಲ್ಲದ ಅಂಗಿಯಲ್ಲೇ ಓಡಾಡುತ್ತಾನೆ. ನನಗೇನೂ ತೊಂದರೆ ಇಲ್ಲ.

ತೂತುಜೇಬು ಅವರೇ, ನಿಮ್ಮ ಪಟ್ಟಿಯಲ್ಲಿ ಕಡಿತ ಆಗುವ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ಎಲ್ಲ ಸಾಲಿನ ಮುಂದೂ ಒಂದೇ ಹೆಸರು ಬಂದರೆ ಆ ಪಟ್ಟಿ ಹರಿದು ಹಾಕಿ.

ಲೆಕ್ಕದಪುಸ್ತಕ
ಅಕ್ಕಾ, ಇಷ್ಟು ವರ್ಷ ಪುಸ್ತಕ ಬರೆದಿದ್ದೇನೆ, ಈ ಕಾಲಂ ನನಗೆ ಹೊಳೆದಿರಲಿಲ್ಲ. ಇವತ್ತೇ ಎಳೆಯುತ್ತೇನೆ. ಎಳೆಯಲು ಸ್ವಲ್ಪ ಹೆದರಿಕೆಯೂ ಇದೆ.

ಅಟ್ಟದಮೇಲೆ
ನನ್ನದು ಅಂಗಡಿ ಕಡೆಯ ಎರಡು ಮಾತು. ದೊಡ್ಡ ಪ್ಯಾಕ್ ಅಗ್ಗ ಅಂತ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ, 100 ಗ್ರಾಂಗೆ ಎಷ್ಟು ಬೀಳುತ್ತದೆ ಅಂತ ಫೋನಿನಲ್ಲಿ ಭಾಗಿಸಿ ನೋಡಿ. ಎಷ್ಟೋ ಸಲ ಮಧ್ಯದ ಪ್ಯಾಕೇ ಅಗ್ಗ ಇರುತ್ತದೆ. ಬೆಲೆ ಅದೇ ಇಟ್ಟು ಒಳಗಿನ ತೂಕ ಇಳಿಸುವುದೂ ಇದೆ, ಅದಕ್ಕೆ ಬೆಲೆಗಿಂತ ಮೊದಲು ತೂಕ ಓದಿ. "ಎರಡು ಕೊಂಡರೆ ಒಂದು ಉಚಿತ" ಅಂದರೆ ಮೂರರಲ್ಲಿ ಒಂದರ ರಿಯಾಯಿತಿ, ಅದೂ ಮೂರೂ ಖರ್ಚಾದರೆ ಮಾತ್ರ. ಮೂರನೆಯದು ಅವಧಿ ಮುಗಿದು ಕಸಕ್ಕೆ ಹೋದರೆ ಎರಡನ್ನು ಪೂರ್ತಿ ಬೆಲೆಗೆ ಕೊಂಡ ಹಾಗಾಯಿತು.

ಉಚಿತ ಡೆಲಿವರಿ ಮುಟ್ಟಿಸಲು ಬೇಡದ್ದನ್ನು ಬುಟ್ಟಿಗೆ ಹಾಕುವವರಲ್ಲಿ ನಾನೂ ಒಬ್ಬಳು. ಅದರ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಬಾಡಿಗೆಮನೆ
ಓದುತ್ತಾ ಬಂದೆ. ಒಳ್ಳೆಯ ಮಾತುಗಳೇ. ಆದರೆ ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು, ಇಳಿಸಲು ಏನಾದರೂ ಇದ್ದವರಿಗೆ. ನನಗೆ ಬಾಡಿಗೆ ಮತ್ತು ಸಾಲದ ಕಂತು ಸೇರಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಗೀಸರ್ ಇಲ್ಲ, ಚಂದಾ ಇಲ್ಲ, ಕಾರ್ಡ್ ಇಲ್ಲ. ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಅಂತ ಒಂದು ಸೂತ್ರ ಎಲ್ಲರೂ ಹೇಳುತ್ತಾರಲ್ಲ, ನನ್ನ ಅಗತ್ಯವೇ 90. ನಾನು ಮಾಡಿದ್ದು ಒಂದೇ. ಕಂತಿನ ತಾರೀಕನ್ನು ಸಂಬಳದ ಮರುದಿನಕ್ಕೆ ಬದಲಾಯಿಸಿಕೊಂಡೆ. ಮೊದಲು ಸಂಬಳಕ್ಕೆ ಮೂರು ದಿನ ಮುಂಚೆ ಕಂತು ಬರುತ್ತಿತ್ತು, ಪ್ರತಿ ಸಲ ದಂಡ ಬೀಳುತ್ತಿತ್ತು. ಒಂದು ಫೋನ್ ಮಾಡಿ ಕೇಳಿದ್ದಕ್ಕೆ ಬದಲಾಯಿಸಿಕೊಟ್ಟರು. ಎರಡು ವರ್ಷ ಯಾಕೆ ಕೇಳಲಿಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ, ನನ್ನ ಮೇಲೇ.

ನೇರಮಾತು
ಬಾಡಿಗೆಮನೆ ಅವರೇ, ನಾನು ಮೇಲೆ ಹೇಳಿದ್ದು ನಿಮ್ಮಂಥವರ ಬಗ್ಗೆಯೇ. ನಿಮ್ಮ ಕೈಯಲ್ಲಿ ಇಳಿಸಲು ಏನೂ ಉಳಿದಿಲ್ಲ. ನಿಮಗೆ ಸೋಪಿನ ಉಪದೇಶ ಮಾಡುವುದು ತಪ್ಪು. ಮಾತು ಒರಟಾಗಿದ್ದರೆ ಕ್ಷಮಿಸಿ.

ಅಡುಗೆಮನೆಯಿಂದ
ಗ್ಯಾಸ್ ಬಗ್ಗೆ ಚಿಕ್ಕದಾಗಿ. ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದು ಸುಮಾರು 100 ಡಿಗ್ರಿ ದಾಟಲ್ಲ. ಜಾಸ್ತಿ ಉರಿ ಆವಿಯಾಗಿ ಹೋಗುತ್ತದೆ, ಅಡುಗೆ ಬೇಗ ಆಗುವುದಿಲ್ಲ. ಕುದಿ ಬಂದ ತಕ್ಷಣ ಸಣ್ಣ ಉರಿ, ಮೇಲೆ ಮುಚ್ಚಳ. ಕುಕ್ಕರ್‌ನಲ್ಲಿ ಒತ್ತಡದಿಂದ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಅದಕ್ಕೇ ಬೇಗ ಬೇಯುವುದು. ಅದರಲ್ಲೂ ಒತ್ತಡ ತುಂಬಿದ ಮೇಲೆ ಉರಿ ಇಳಿಸಬೇಕು.

ಫ್ರಿಡ್ಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಸುತ್ತಲಿನ ರಬ್ಬರ್ ಸಡಿಲ ಆಗಿದೆ ಅಂತ. ನಮ್ಮದರಲ್ಲಿ ಕೆಳಗಿನ ಮೂಲೆಯಲ್ಲಿ ಹಾಳೆ ಜಾರಿ ನೆಲಕ್ಕೇ ಬಿತ್ತು. ಒರೆಸಿದ ಮೇಲೆ ಹಿಡಿಯಿತು, ಅಂಟು ಕೊಳೆ ಕೂತಿತ್ತು ಅಷ್ಟೇ.

ವೈರ್‌ಮನ್
ಸರಿಯಾಗಿ ಹೇಳಿದಿರಿ. ಹಾಗೆಯೇ ಬಾತ್‌ರೂಮಿನ ನಲ್ಲಿ ಕೆಳಗೂ ಒಂದು ಲೋಟ ಇಡಿ. 200 ಮಿಲಿಲೀಟರ್ ಲೋಟ ಕಾಲು ಗಂಟೆಗೆ ತುಂಬಿದರೆ ದಿನಕ್ಕೆ 19 ಲೀಟರ್ ಹೋಗುತ್ತಿದೆ. ಗೀಸರ್ ಸದಾ ಆನ್ ಇರುವ ಮನೆಯಲ್ಲಿ ಬಿಸಿನೀರಿನ ನಲ್ಲಿ ಹಾಗೆ ತೊಟ್ಟಿಕ್ಕಿದರೆ ಕರೆಂಟೂ ತೊಟ್ಟಿಕ್ಕುತ್ತಿದೆ ಅಂತಲೇ ಅರ್ಥ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಬರೀ ಉಳಿತಾಯದ ಗಾದೆ ಅಲ್ಲ!

ಕಮೋಡ್‌ನ ಫ್ಲಶ್ ಟ್ಯಾಂಕ್ ಇನ್ನೂ ಮೋಸಗಾರ, ಸದ್ದೇ ಮಾಡಲ್ಲ. ರಾತ್ರಿ ಮಲಗುವ ಮುಂಚೆ ಟ್ಯಾಂಕಿನ ನೀರಿಗೆ ನಾಲ್ಕು ಹನಿ ಬಣ್ಣ ಹಾಕಿ. ಯಾರೂ ಫ್ಲಶ್ ಮಾಡದೆ ಅರ್ಧ ಗಂಟೆಯಲ್ಲಿ ಕೆಳಗೆ ಬಣ್ಣ ಬಂದರೆ ಒಳಗಿನ ವಾಷರ್ ಹೋಗಿದೆ.

ತೂತುಜೇಬು (ಐದು ವಾರದ ನಂತರ)
ಮಾಯವಾಗಿದ್ದಕ್ಕೆ ಕ್ಷಮಿಸಿ. ಬರೆಯುತ್ತಿದ್ದೆ, ನಿಜವಾಗಿಯೂ ಪೆನ್ನಿನಲ್ಲಿ.

ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಭಾನುವಾರ ಎಲ್ಲರೂ ಕೂತೆವು. ಯಾರಿಗೂ ಗೊತ್ತಿಲ್ಲದ ಒಂದು ಹೆಸರು ಪ್ರತಿ ತಿಂಗಳು ಒಂಬತ್ತನೇ ತಾರೀಕು ಬರುತ್ತಿತ್ತು. ಮೊತ್ತ ಸಣ್ಣದು. ಹುಡುಕಿದರೆ ಫೋನ್ ಬಿದ್ದು ಒಡೆದರೆ ಅಂತ ತೆಗೆದುಕೊಂಡಿದ್ದ ವಿಮೆ. ಆ ಫೋನನ್ನು ನಾವು ಮಾರಿ ಹದಿನಾಲ್ಕು ತಿಂಗಳಾಗಿದೆ! ಯಾರದ್ದೋ ಜೇಬಿನಲ್ಲಿರುವ ಫೋನಿಗೆ ನಾನು ಇನ್ನೂ ವಿಮೆ ಕಟ್ಟುತ್ತಿದ್ದೆ. ಹಾಡು ಕೇಳುವ ಒಂದೇ ಆ್ಯಪ್‌ಗೆ ನಾನೂ ಮಗಳೂ ಬೇರೆ ಬೇರೆ ಚಂದಾ ಕಟ್ಟುತ್ತಿದ್ದೆವು. ಮಗನ ಒಂದು ಆಟ, "ಮೊದಲ ವಾರ ಉಚಿತ" ಅಂತ ಶುರುವಾದದ್ದು, ಏಳು ತಿಂಗಳಿಂದ ಹಣ ತೆಗೆಯುತ್ತಿತ್ತು. ಅವನು ಆ ಆಟ ಆಡಿದ್ದು ಮೂರು ದಿನ.

ಅಂಗಡಿಗೆ ಮೂವತ್ತು ದಿನದಲ್ಲಿ ಹತ್ತೊಂಬತ್ತು ಸಲ ಹೋಗಿದ್ದೇವೆ. ಪ್ರತಿ ಸಲ ಒಂದು ವಸ್ತುವಿಗೆ ಅಂತ ಹೋಗಿದ್ದು. ಒಂದು ವಸ್ತು ಮಾತ್ರ ಹಿಡಿದು ಬಂದದ್ದು ಎರಡೇ ಸಲ, ಎರಡೂ ಸಲ ಹೋಗಿದ್ದು ಅಮ್ಮ. ಈಗ ಫ್ರಿಡ್ಜ್ ಮೇಲೆ ಚೀಟಿ ಅಂಟಿಸಿದ್ದೇವೆ, ವಾರಕ್ಕೊಮ್ಮೆ ಹೋಗುತ್ತೇವೆ. ಚೀಟಿ ಅಮ್ಮನ ಕೈಯಲ್ಲಿ.

ಬಟ್ಟೆ ಒಗೆಯುವ ಪುಡಿಯದ್ದು ನನ್ನ ತಪ್ಪು. ಡಬ್ಬಿ ಜೊತೆ ಬರುವ ಅಳತೆಯ ಕಪ್ಪನ್ನು ಪೂರ್ತಿ ತುಂಬಿ ಹಾಕುತ್ತಿದ್ದೆ. ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ. ಸಾಧಾರಣ ಕೊಳೆಗೆ ಅಂತ ಇರುವ ಗೆರೆ ಅರ್ಧಕ್ಕಿಂತ ಕೆಳಗಿದೆ. ಅಷ್ಟೇ ಹಾಕಿ ನೋಡಿದೆವು. ಬಟ್ಟೆ ಹಾಗೇ ಶುಭ್ರ, ಮೇಲಾಗಿ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಪಟ್ಟೆ ಬರುವುದೂ ನಿಂತಿತು.

ಒಟ್ಟು ತಿಂಗಳ ಖರ್ಚಿನಲ್ಲಿ ಹನ್ನೊಂದರಲ್ಲಿ ಒಂದು ಪಾಲು ಇಳಿದಿದೆ. ಇಪ್ಪತ್ತನೇ ತಾರೀಕು ಈಗ ಇಪ್ಪತ್ತೇಳಕ್ಕೆ ಹೋಗಿದೆ. ಉಳಿದ ದಿನಗಳು ಇನ್ನೂ ಕಷ್ಟವೇ. ಮೂವರಮ್ಮ ಅವರ ಕಾಲಂ ಕೂಡ ಎಳೆದೆವು. ನನ್ನ ಹೆಂಡತಿ ಅದನ್ನು ತುಂಬುವಾಗ ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ಅವಳು ಅದನ್ನೂ ಬರೆದಳು, "20 ನಿಮಿಷ, ಇದೇ ಮೊದಲು" ಅಂತ.

ವೈರ್‌ಮನ್ ಅವರೇ, ನಿಮ್ಮ 111 ಗಂಟೆ ಲೆಕ್ಕವನ್ನು ಮಗಳಿಗೆ ಓದಿ ಹೇಳಿ ತಪ್ಪಾಯಿತು ಅಂದೆ. ಹೇಳಬಾರದಿತ್ತು. ಈಗ ನಾನು ಬಾತ್‌ರೂಮಿನಲ್ಲಿ ಹತ್ತು ನಿಮಿಷ ಜಾಸ್ತಿ ಇದ್ದರೆ ಹೊರಗಿನಿಂದ ಬಾಗಿಲು ಬಡಿದು "ಅಪ್ಪಾ, ಮೂವತ್ತೇಳು ಗಂಟೆ ಲೈಟು!" ಅಂತ ಕೂಗುತ್ತಾಳೆ.

ಮೂವರಮ್ಮ
"ಇದೇ ಮೊದಲು" ಓದಿ ಜೋರಾಗಿ ನಕ್ಕೆ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ವೈರ್‌ಮನ್
ಹುಡುಗಿಯ ಲೆಕ್ಕ ಸರಿಯಾಗಿದೆ, ಹತ್ತು ನಿಮಿಷಕ್ಕೆ ಮೂವತ್ತೇಳೇ. ಫ್ಲಶ್ ಟ್ಯಾಂಕ್ ನೋಡಿದಿರಾ?

ತೂತುಜೇಬು
ನಿನ್ನೆ ರಾತ್ರಿ ಮಗಳ ಪೇಂಟ್ ಡಬ್ಬಿಯಿಂದ ನೀಲಿ ಹಾಕಿದೆವು. ಹತ್ತು ನಿಮಿಷಕ್ಕೇ ಕೆಳಗೆ ಸಣ್ಣ ನೀಲಿ ಗೆರೆ ಇಳಿಯಲು ಶುರುವಾಯಿತು. ಎಲ್ಲರೂ ಕಮೋಡ್ ಸುತ್ತ ನಿಂತು ನೋಡುತ್ತಿದ್ದೆವು. ಹಳೇ ವಾಷರ್ ಬಿಚ್ಚಿದ್ದೇನೆ, ಕೈಗೆಲ್ಲ ಕಪ್ಪು ರಬ್ಬರ್ ಅಂಟಿದೆ. ಅಳತೆಗೆ ಅದನ್ನೇ ಹಿಡಿದು ಅಂಗಡಿಗೆ ಹೊರಟಿದ್ದೇನೆ. ಚೀಟಿಯಲ್ಲಿ ಅಮ್ಮ ಒಂದೇ ಸಾಲು ಬರೆದು ಕೆಳಗೆ ಗೆರೆ ಎಳೆದಿದ್ದಾರೆ.